ಮಾರ್ಫಿನ್‌ಗೆ ಒಗ್ಗಿದ ದೇಹಕ್ಕೆ ಶಸ್ತ್ರಚಿಕಿತ್ಸೆಯ ನಂತರದ ನೋವುಶಮನ: ಒಂದು ಆಸ್ಪತ್ರೆ ಸೇವೆಯ ವಿಮರ್ಶೆ

ಮೊಣಕಾಲಿನ ಕೀಲು ಬದಲಾವಣೆಗಾಗಿ ನಾನು ದಾಖಲಾಗಿದ್ದ ಆಸ್ಪತ್ರೆಯಲ್ಲಿ ನೋವುಶಮನಕ್ಕೆಂದೇ ಪ್ರತ್ಯೇಕ ತಂಡವಿದೆ. ಅರಿವಳಿಕೆ ತಜ್ಞರು, ತರಬೇತಿ ಪಡೆದ ನರ್ಸ್‌ಗಳು ಮತ್ತು ಔಷಧಗಳ ಲೆಕ್ಕ ನೋಡುವ ಫಾರ್ಮಸಿಸ್ಟ್ ಒಬ್ಬರು ಅದರಲ್ಲಿದ್ದಾರೆ. ಈ ವಿಮರ್ಶೆ ಆ ತಂಡದ ಸೇವೆಯನ್ನು ಕುರಿತದ್ದು. ಶಸ್ತ್ರಚಿಕಿತ್ಸಕರ ಕೈಚಳಕವನ್ನು ಕುರಿತದ್ದಲ್ಲ. ಹಳೆಯ ಬೆನ್ನುನೋವಿಗಾಗಿ ವರ್ಷಗಳಿಂದ ಮಾರ್ಫಿನ್ ಮಾತ್ರೆ ತೆಗೆದುಕೊಳ್ಳುತ್ತಿರುವ ನನ್ನಂಥವರಿಗೆ ಕತ್ತರಿ ಹಾಕುವ ದಿನಕ್ಕಿಂತ ಅದರ ಮರುದಿನದ ಭಯವೇ ಹೆಚ್ಚು. ಎಲ್ಲರಿಗೂ ಕೊಡುವ ಡೋಸ್ ನಮಗೆ ಸಾಲುವುದಿಲ್ಲ. ಸಾಲುತ್ತಿಲ್ಲ ಎಂದರೆ ಚಟ ಹತ್ತಿದವರಂತೆ ನಮ್ಮನ್ನು ನೋಡುವವರೂ ಇದ್ದಾರೆ. ಈ ತಂಡ ಹಾಗೆ ನೋಡಲಿಲ್ಲ. ರಾತ್ರಿ ಪಾಳಿಯ ಒಂದು ಗಂಭೀರ ಲೋಪವನ್ನು ಬಿಟ್ಟರೆ, ಇದು ನಾನು ಕಂಡ ಅತ್ಯುತ್ತಮ ನೋವುಶಮನ ಸೇವೆ.

ಮಾರ್ಫಿನ್‌ನಂಥ ಒಪಿಯಾಯ್ಡ್ ಔಷಧವನ್ನು ದೀರ್ಘಕಾಲ ತೆಗೆದುಕೊಂಡಾಗ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ ಮತ್ತು ಅದೇ ಪರಿಣಾಮಕ್ಕೆ ಹೆಚ್ಚು ಡೋಸ್ ಬೇಕಾಗುತ್ತದೆ. ಇದು ಔಷಧದ ಸಹಜ ಪರಿಣಾಮ. ಹಾನಿಯಾಗುತ್ತಿದ್ದರೂ ಬಿಡಲಾಗದ ಚಟವೇ ಬೇರೆ. ದಿನಕ್ಕೆ ಕನಿಷ್ಠ 60 ಮಿಲಿಗ್ರಾಂ ಮಾರ್ಫಿನ್ ಅನ್ನು ಬಾಯಿಯ ಮೂಲಕ, ಅಥವಾ ಅದಕ್ಕೆ ಸಮನಾದ ಬೇರೆ ಒಪಿಯಾಯ್ಡನ್ನು, ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡವರನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಹೀಗೆ ಒಗ್ಗಿದವರೆಂದು ಪರಿಗಣಿಸುತ್ತದೆ. ನನ್ನ ದೈನಂದಿನ ಪ್ರಮಾಣ 120 ಮಿಲಿಗ್ರಾಂ. ಇಂಥವರಲ್ಲಿ ಕೆಲವರಿಗೆ ಔಷಧವೇ ನೋವಿನ ನರಮಾರ್ಗಗಳನ್ನು ಚುರುಕುಗೊಳಿಸಿ ನೋವನ್ನು ಹೆಚ್ಚಿಸುವುದೂ ಉಂಟು. ಆಗ ಡೋಸ್ ಏರಿಸುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ.

ಈ ಸೇವೆಯ ನಿಜವಾದ ಬೆಲೆ ತಿಳಿಯುವುದು ಶಸ್ತ್ರಚಿಕಿತ್ಸೆಗೆ ಮುಂಚಿನ ಭೇಟಿಯಲ್ಲಿ. ಅರಿವಳಿಕೆ ತಜ್ಞೆ ನನ್ನ ಹಳೆಯ ಚೀಟಿಗಳನ್ನು ಒಂದೊಂದಾಗಿ ಓದಿ, ಅವನ್ನು ಪಕ್ಕಕ್ಕಿಟ್ಟು, "ಚೀಟಿಯಲ್ಲಿ ಇರೋದು ಗೊತ್ತಾಯ್ತು. ನೀವು ನಿಜವಾಗಿ ತಗೊಳ್ಳೋದು ಎಷ್ಟು ಹೇಳಿ. ಹೆಚ್ಚಾದರೂ ಸರಿ, ಕಡಿಮೆಯಾದರೂ ಸರಿ, ಇಲ್ಲಿ ಯಾರೂ ಬೈಯೋದಿಲ್ಲ" ಎಂದರು. ಆ ಪ್ರಶ್ನೆಯ ಹಿಂದೆ ಸೌಜನ್ಯವೂ ಇದೆ, ಸುರಕ್ಷತೆಯೂ ಇದೆ. ರೋಗಿ ಹೆದರಿ ಕಡಿಮೆ ಹೇಳಿದರೆ ನೋವು ತಡೆಯಲಾಗದಷ್ಟಾಗುತ್ತದೆ. ಚೀಟಿಯಲ್ಲಿರುವಷ್ಟನ್ನು ತೆಗೆದುಕೊಳ್ಳದೆಯೇ ತೆಗೆದುಕೊಳ್ಳುತ್ತಿದ್ದೇನೆಂದರೆ ಉಸಿರಾಟಕ್ಕೇ ಕುತ್ತು ಬರಬಹುದು. ನಂತರ ಅವರು ಲೆಕ್ಕವನ್ನು ನನ್ನೆದುರೇ ಬಿಡಿಸಿ ತೋರಿಸಿದರು. ಬಾಯಿಯ ಮೂಲಕ ಕೊಡುವ ಮಾರ್ಫಿನ್‌ನ ಸುಮಾರು ಮೂರನೇ ಒಂದು ಭಾಗವನ್ನು ರಕ್ತನಾಳದ ಮೂಲಕ ಕೊಟ್ಟರೆ ಪರಿಣಾಮ ಸಮ. ಹಾಗಾಗಿ ಮಾತ್ರೆ ನುಂಗಲು ಆಗದ ಸ್ಥಿತಿ ಬಂದರೆ ನನ್ನ 120 ಮಿಲಿಗ್ರಾಂಗೆ ಬದಲಾಗಿ ದಿನಕ್ಕೆ 40 ಮಿಲಿಗ್ರಾಂನಷ್ಟು ಡ್ರಿಪ್‌ನಲ್ಲಿ ಬೇಕಾಗುತ್ತದೆ, ಮತ್ತು ಅಷ್ಟು ಕೊಟ್ಟ ಮೇಲೂ ಹೊಸ ಗಾಯದ ನೋವಿಗೆ ಇನ್ನೂ ಏನನ್ನೂ ಕೊಟ್ಟಂತಾಗುವುದಿಲ್ಲ. ನಿತ್ಯದ ಡೋಸ್ ತಳಪಾಯ, ಚಿಕಿತ್ಸೆ ಅದರ ಮೇಲೆ. ಇಡೀ ಯೋಜನೆ ನಿಂತಿದ್ದುದು ಈ ಒಂದು ತಿಳಿವಳಿಕೆಯ ಮೇಲೆ. ಶಸ್ತ್ರಚಿಕಿತ್ಸೆಯ ಬೆಳಗ್ಗೆಯೂ ಮಾತ್ರೆ ತಪ್ಪಿಸಬಾರದೆಂದು ಬರೆದುಕೊಟ್ಟರು. ಬ್ಯೂಪ್ರೆನಾರ್ಫಿನ್ ಎಂಬ ಇನ್ನೊಂದು ಒಪಿಯಾಯ್ಡ್ ತೆಗೆದುಕೊಳ್ಳುವವರಿಗೆ ಹಿಂದೆ ಶಸ್ತ್ರಚಿಕಿತ್ಸೆಗೆ ಮುಂಚೆ ಅದನ್ನು ನಿಲ್ಲಿಸಲು ಹೇಳುತ್ತಿದ್ದರು. ಈಗ ಸಾಮಾನ್ಯವಾಗಿ ಮುಂದುವರಿಸುವಂತೆಯೇ ಸಲಹೆ ನೀಡುತ್ತಾರೆ ಎಂಬುದನ್ನೂ ಅವರಿಂದಲೇ ತಿಳಿದೆ.

ಒಪಿಯಾಯ್ಡ್ ಹಿಡಿತಕ್ಕೆ ಸಿಗದ ದೇಹಕ್ಕೆ ಬೇರೆ ದಾರಿಯಿಂದ ಹೋಗಬೇಕು. ತೊಡೆಯ ಒಳಭಾಗದಲ್ಲಿ ಸ್ಕ್ಯಾನ್ ಯಂತ್ರದ ಸಹಾಯದಿಂದ ಕೂದಲಿನಷ್ಟು ತೆಳುವಾದ ನಳಿಕೆಯನ್ನು ಇರಿಸಿ, ಮೊಣಕಾಲಿನ ಸಂವೇದನೆಯನ್ನು ಒಯ್ಯುವ ನರಗಳ ಸುತ್ತ ಮರಗಟ್ಟಿಸುವ ಔಷಧವನ್ನು ಹರಿಸಿದರು. ಈ ಔಷಧ ನರದ ಸಂಕೇತವನ್ನೇ ತಡೆಯುವುದರಿಂದ ನನ್ನ ಹಳೆಯ ಮಾರ್ಫಿನ್ ಅಭ್ಯಾಸ ಅದಕ್ಕೆ ಅಡ್ಡಬರಲಿಲ್ಲ. ದಿನಕ್ಕೆ ಹಲವು ಬಾರಿ ನರ್ಸ್ ಗಾಜ್ ಬಟ್ಟೆಯಲ್ಲಿ ಮಂಜುಗಡ್ಡೆಯ ಚೂರೊಂದನ್ನು ಸುತ್ತಿ ತಂದು, ಮೊದಲು ಆರೋಗ್ಯವಾಗಿದ್ದ ಕಾಲಿಗೆ, ಆಮೇಲೆ ಶಸ್ತ್ರಚಿಕಿತ್ಸೆಯಾದ ಕಾಲಿನ ಒಳಬದಿಗೆ ಮುಟ್ಟಿಸಿ ತಣ್ಣಗಿದೆಯೇ ಎಂದು ಕೇಳುತ್ತಿದ್ದರು. ಒಂದು ಕಡೆ ಜುಮ್ಮೆನ್ನುವ ಚಳಿ, ಇನ್ನೊಂದು ಕಡೆ ಬರಿಯ ಸ್ಪರ್ಶ. ನಳಿಕೆ ಸರಿದಿಲ್ಲವೆಂದು ಅದರಿಂದ ಗೊತ್ತಾಗುತ್ತಿತ್ತು. ಮೊಣಕಾಲಿನ ಹಿಂಬದಿಗೆ ಈ ವಿಧಾನದ ಪ್ರಭಾವ ಅಷ್ಟಾಗಿ ತಲುಪುವುದಿಲ್ಲವೆಂದು ಮೊದಲೇ ಹೇಳಿದ್ದರಿಂದ ಅಲ್ಲಿ ನೋವು ಬಂದಾಗ ನಾನು ಗಾಬರಿಯಾಗಲಿಲ್ಲ.

ಇದರ ಜೊತೆಗೆ ದಿನಕ್ಕೆ 4 ಗ್ರಾಂ ಮೀರದಂತೆ ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್, ಮೂತ್ರಪಿಂಡದ ಪರೀಕ್ಷೆ ಸರಿಯಿದೆಯೆಂದು ಖಚಿತಪಡಿಸಿಕೊಂಡು ಉರಿಯೂತ ತಗ್ಗಿಸುವ ಮಾತ್ರೆ, ಮತ್ತು ಅತಿ ಕಡಿಮೆ ಪ್ರಮಾಣದಲ್ಲಿ ಕೆಟಮಿನ್ ಡ್ರಿಪ್. ಪ್ರಜ್ಞೆ ತಪ್ಪಿಸಲು ಬಳಸುವ ಈ ಕೆಟಮಿನ್ ಅನ್ನು ಅದರ ಸಣ್ಣ ಭಾಗದಷ್ಟು ಕೊಟ್ಟಾಗ, ಚುರುಕುಗೊಂಡ ನೋವಿನ ಮಾರ್ಗಗಳು ತುಸು ಶಾಂತವಾಗುತ್ತವೆ, ಮಾರ್ಫಿನ್‌ನ ಅಗತ್ಯವೂ ಇಳಿಯುತ್ತದೆ. ನನಗೆ ವಿಚಿತ್ರ ಕನಸುಗಳು ಬಿದ್ದವು. ಹೇಳಿದ ಕೂಡಲೇ ವೇಗ ತಗ್ಗಿಸಿದರು.

ನೋವು ಬಂದಾಗ ರೋಗಿಯೇ ಒತ್ತಿ ಮಾರ್ಫಿನ್ ಪಡೆಯುವ ಗುಂಡಿಯ ಯಂತ್ರವೂ ಇತ್ತು. ಒಮ್ಮೆ ಒತ್ತಿದ ಮೇಲೆ ನಿಗದಿಯಾದ ಕೆಲವು ನಿಮಿಷ ಮತ್ತೆ ಒತ್ತಿದರೂ ಔಷಧ ಬರುವುದಿಲ್ಲ. ನನಗೆ ಇತರರಿಗಿಂತ ಹೆಚ್ಚಿನ ಡೋಸ್ ನಿಗದಿಪಡಿಸಿದ್ದರು, ಕಾವಲನ್ನೂ ಅಷ್ಟೇ ಬಿಗಿಗೊಳಿಸಿದ್ದರು. ನೋವುಶಮನದ ಗುಣಕ್ಕೆ ದೇಹ ಒಗ್ಗಿದಷ್ಟು, ಉಸಿರಾಟ ಕುಗ್ಗಿಸುವ ಗುಣಕ್ಕೆ ಒಗ್ಗಿರುತ್ತದೆಂದು ನಂಬುವಂತಿಲ್ಲ; ಮಲಬದ್ಧತೆಗಂತೂ ದೇಹ ಒಗ್ಗುವುದೇ ಇಲ್ಲವೆನ್ನಬಹುದು. ಉಸಿರು ಕುಗ್ಗುವ ಮುನ್ನ ಸಾಮಾನ್ಯವಾಗಿ ಮಂಪರು ಹೆಚ್ಚುವುದರಿಂದ, ಮಾತನಾಡಿಸಿ, ಎಚ್ಚರ ಎಷ್ಟಿದೆಯೆಂದು ಅಳೆದು, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಗಡಿಯಾರ ಹಿಡಿದು ಎಣಿಸುತ್ತಿದ್ದರು. ನಾನು ನಿದ್ದೆಯಲ್ಲಿದ್ದಾಗ ಗುಂಡಿಯನ್ನು ಮನೆಯವರು ಒತ್ತಲೇಬಾರದೆಂದು ನನ್ನ ತಮ್ಮನಿಗೆ ಎರಡೆರಡು ಬಾರಿ ಹೇಳಿದರು. ನಿದ್ದೆ ಹೋದವರು ಗುಂಡಿ ಒತ್ತುವುದಿಲ್ಲ ಎಂಬುದೇ ಆ ಯಂತ್ರದ ಮುಖ್ಯ ರಕ್ಷಣೆ.

ಲೋಪ ಆದದ್ದು ಇಲ್ಲಿ. ತಂಡದವರು ಹಗಲಿನಲ್ಲಿ ವಾರ್ಡಿಗೆ ಬರುತ್ತಾರೆ, ರಾತ್ರಿ ಫೋನಿಗೆ ಮಾತ್ರ ಸಿಗುತ್ತಾರೆ. ಒಂದು ರಾತ್ರಿ ಪಾಳಿ ಬದಲಾದಾಗ, ಗುಂಡಿಯಿಂದ ಮಾರ್ಫಿನ್ ಹೋಗುತ್ತಿರುವಾಗ ಮಾತ್ರೆಯೂ ಏಕೆಂದು ಭಾವಿಸಿ ನನ್ನ ನಿತ್ಯದ ಮಾತ್ರೆಯನ್ನು ತಡೆಹಿಡಿದರು. ಬೆಳಗಿನ ಜಾವಕ್ಕೆ ಆಕಳಿಕೆ ನಿಲ್ಲದಾಯಿತು, ಮೂಗು ಸೋರತೊಡಗಿತು, ಮೈಮೇಲೆ ರೋಮ ನಿಮಿರಿ ಬೆವರು ಹರಿಯಿತು, ಕಾಲಿನ ನೋವು ದುಪ್ಪಟ್ಟಾಯಿತು. ಇವು ಔಷಧ ಕಡಿದುಹೋದ ಲಕ್ಷಣಗಳೆಂದು ನಾನೇ ಹೇಳಿದರೂ ತಂಡಕ್ಕೆ ಫೋನ್ ಹೋಗಲು ಬಹಳ ಹೊತ್ತು ಹಿಡಿಯಿತು. ಬೆಳಗ್ಗೆ ತಜ್ಞೆ ಬಂದು, ಮಾತ್ರೆ ಕೊಡಿಸಿ, "ನಿತ್ಯದ ಡೋಸ್, ನಿಲ್ಲಿಸಬಾರದು, ಮಂಪರು ಹೆಚ್ಚಿದ್ದರೆ ಮೊದಲು ನಮಗೆ ಫೋನ್ ಮಾಡಿ" ಎಂದು ಔಷಧ ಪಟ್ಟಿಯ ತಲೆಯಲ್ಲೇ ಕೆಂಪು ಶಾಯಿಯಲ್ಲಿ ಬರೆದರು. ಆ ಸಾಲು ಮೊದಲ ದಿನವೇ ಅಲ್ಲಿರಬೇಕಿತ್ತು. ಇಷ್ಟು ಜಾಗರೂಕವಾಗಿ ಹೆಣೆದ ಯೋಜನೆ ಒಂದು ಪಾಳಿ ಬದಲಾವಣೆಗೆ ಕಳಚಿಕೊಳ್ಳಬಾರದು.

ನೋವನ್ನು ಅಳೆಯುವ ರೀತಿಯೂ ನನಗೆ ಮೆಚ್ಚುಗೆಯಾಯಿತು. ಸೊನ್ನೆಯಿಂದ ಹತ್ತರವರೆಗಿನ ಅಂಕಿಯನ್ನು ಕೇಳುತ್ತಿದ್ದರು, ಆದರೆ ಅಲ್ಲಿಗೇ ಬಿಡುತ್ತಿರಲಿಲ್ಲ. ವರ್ಷಗಳಿಂದ ಐದರ ಕೆಳಗೆ ಇಳಿಯದ ನೋವಿನೊಡನೆ ಬದುಕಿರುವವರಿಗೆ ಎರಡಕ್ಕೆ ಇಳಿಸುತ್ತೇವೆಂದು ಮಾತು ಕೊಡುವುದು ಸರಿಯಲ್ಲ. ಅವರು ಕೊಡಲೂ ಇಲ್ಲ. ಆಳವಾಗಿ ಉಸಿರೆಳೆದು ಕೆಮ್ಮಲು ಆಗುತ್ತದೆಯೇ, ಮಂಡಿ ಮಡಚಲು ಬರುತ್ತದೆಯೇ, ವಾಕರ್ ಹಿಡಿದು ಬಾಗಿಲವರೆಗೆ ಹೋದಿರಾ ಎಂಬುದೇ ಅವರ ಅಳತೆ. ವ್ಯಾಯಾಮದ ಸಮಯಕ್ಕೆ ಮುಂಚೆ ಡೋಸ್ ಸಿಗುವಂತೆ ಹೊಂದಿಸಿದ್ದರು. ನೋವಿದೆ ಎಂದು ವ್ಯಕ್ತಿ ಹೇಳಿದ್ದನ್ನು ಗೌರವಿಸಬೇಕೆಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ಪರಿಷ್ಕರಿಸಿದ ನೋವಿನ ವ್ಯಾಖ್ಯೆಯ ಟಿಪ್ಪಣಿಯಲ್ಲೇ ಇದೆ. ಇಲ್ಲಿ ಅದು ನಡೆನುಡಿಯಲ್ಲಿ ಕಂಡಿತು.

ಬಿಡುಗಡೆಯ ಹೊತ್ತಿಗೆ ಕೊಟ್ಟ ಹಾಳೆ ಸ್ಪಷ್ಟವಾಗಿತ್ತು. ಶಸ್ತ್ರಚಿಕಿತ್ಸೆಗೆಂದು ಸೇರಿಸಿದ ಡೋಸನ್ನು ಹಂತಹಂತವಾಗಿ ಇಳಿಸಿ ಹಳೆಯ ಪ್ರಮಾಣಕ್ಕೆ ಮರಳುವುದು ಹೇಗೆ, ಮುಂದಿನ ಚೀಟಿ ಬರೆಯುವ ಜವಾಬ್ದಾರಿ ಯಾವ ವೈದ್ಯರದು, ನಿದ್ರೆ ಮಾತ್ರೆ ಮತ್ತು ಮದ್ಯವನ್ನು ಏಕೆ ಸೇರಿಸಬಾರದು, ಮಲಬದ್ಧತೆಗೆ ಮೊದಲ ದಿನದಿಂದಲೇ ಏನು ತೆಗೆದುಕೊಳ್ಳಬೇಕು ಎಂಬುದೆಲ್ಲ ಅದರಲ್ಲಿತ್ತು. ಡೋಸ್ ಅತಿಯಾದರೆ ಬಳಸಬೇಕಾದ ನಾಲೋಕ್ಸೋನ್ ಬಗ್ಗೆ ನನ್ನ ತಮ್ಮನಿಗೆ ಪ್ರತ್ಯೇಕವಾಗಿ ವಿವರಿಸಿದರು. ಕೊರತೆ ಒಂದೇ: ಮೂಳೆ ವಿಭಾಗದ ಬಿಡುಗಡೆ ಪತ್ರದಲ್ಲಿ ಬೇರೆಯೇ ನೋವು ಮಾತ್ರೆಯ ಹೆಸರಿತ್ತು, ಎರಡು ವಿಭಾಗಗಳೂ ಕೂಡಿ ಒಂದೇ ಪತ್ರ ಕೊಡಬೇಕಿತ್ತು.

ಇಂಥ ಸೇವೆಯನ್ನು ಹುಡುಕುತ್ತಿರುವವರು ದಾಖಲಾಗುವ ಮುನ್ನವೇ ತಂಡದವರನ್ನು ಭೇಟಿಯಾಗಲು ಪಟ್ಟುಹಿಡಿಯಿರಿ, ಮತ್ತು ರಾತ್ರಿ ಯಾರು ಬರುತ್ತಾರೆಂದು ಕೇಳಿರಿ. ನನ್ನ ಇನ್ನೊಂದು ಮೊಣಕಾಲಿನ ಶಸ್ತ್ರಚಿಕಿತ್ಸೆಗೂ ಇದೇ ತಂಡ ಬೇಕೆಂದು ತಿಳಿಸಿದ್ದೇನೆ. ಆ ಕೆಂಪು ಶಾಯಿಯ ಸಾಲನ್ನು ದಾಖಲಾತಿಯ ದಿನವೇ ಬರೆಯುವುದಾಗಿ ಅವರು ಒಪ್ಪಿದ್ದಾರೆ.