ಯುರೋಪಿನ ಮೇಳಕ್ಕೆ ಯಂತ್ರ ಒಯ್ಯುವವರೇ, ಸ್ವಲ್ಪ ನಿಲ್ಲಿ

ಪೀಣ್ಯದಲ್ಲಿ ನಮ್ಮದು ಪೌಚ್ ಪ್ಯಾಕಿಂಗ್ ಯಂತ್ರ ಮಾಡುವ ಸಣ್ಣ ಕಾರ್ಖಾನೆ. ಹೋದ ವರ್ಷ ಮಿಲಾನಿನ ಮೇಳವೊಂದರಲ್ಲಿ ಸ್ಟಾಲ್ ಹಾಕಿದ್ದೆವು. ಎರಡನೇ ದಿನ ಬೆಳಗ್ಗೆ ಕೋರ್ಟಿನ ಅಮೀನ ಬಂದು ಕಾಗದ ಕೈಗಿತ್ತ. ಯಂತ್ರ ತೋರಿಸಕೂಡದು, ಆರ್ಡರ್ ಹಿಡಿಯಕೂಡದು. ನಮ್ಮನ್ನು ಒಂದು ಮಾತೂ ಕೇಳದೆ ಹೊರಟ ತಡೆಯಾಜ್ಞೆ. ಮಿಕ್ಕ ದಿನವೆಲ್ಲ ಟಾರ್ಪಾಲ್ ಹೊದಿಸಿದ ಯಂತ್ರದ ಪಕ್ಕ ಕಾಫಿ ಕುಡಿಯುತ್ತ ಕೂತಿದ್ದೆ.

ತಪ್ಪು ನನ್ನದೂ ಇದೆ. ಮೂರು ವಾರ ಮುಂಚೆಯೇ ನಿಮ್ಮ ಯಂತ್ರ ನಮ್ಮ ಪೇಟೆಂಟ್ ಮುರಿಯುತ್ತದೆ ಎಂದು ಅಲ್ಲಿನ ಕಂಪನಿಯಿಂದ ಎಚ್ಚರಿಕೆಯ ಇಮೇಲ್ ಬಂದಿತ್ತು. ಇಂಡಿಯಾದಲ್ಲಿ ಅವರಿಗೆ ಪೇಟೆಂಟೇ ಇಲ್ಲವಲ್ಲ ಎಂದು ಉತ್ತರ ಬರೆಯದೆ ಬಿಟ್ಟೆ. ಸರಕು ನಿಂತಿರುವುದು ಇಟಲಿಯಲ್ಲಿ ಅನ್ನುವುದು ತಲೆಗೆ ಹೋಗಲಿಲ್ಲ.

ಆದೇಶ ಕೊಟ್ಟದ್ದು ಏಕೀಕೃತ ಪೇಟೆಂಟ್ ನ್ಯಾಯಾಲಯದ ಮಿಲಾನ್ ಪೀಠ. 18 ದೇಶಗಳು ಸೇರಿ ನಡೆಸುವ ಈ ಕೋರ್ಟು ಶುರುವಾದದ್ದು 2023ರ ಜೂನ್ 1ರಂದು. ಇಲ್ಲಿ ಸೋತರೆ ಇಟಲಿ, ಜರ್ಮನಿ, ಫ್ರಾನ್ಸ್ ಎಲ್ಲ ಒಂದೇ ಏಟಿಗೆ ಕೈ ತಪ್ಪಬಹುದು. ಮೇಲ್ಮನವಿಗೆ ಲಕ್ಸೆಂಬರ್ಗ್‌ಗೆ ಹೋಗಬೇಕು.

ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂದು ನಮ್ಮಲ್ಲಿ ಕೋರ್ಟಿಗೆ ಕೇವಿಯಟ್ ಹಾಕುವುದಿಲ್ಲವೇ, ಅಲ್ಲೂ ಅಂಥದ್ದೊಂದಿದೆ: ಪ್ರೊಟೆಕ್ಟಿವ್ ಲೆಟರ್, ಅಂದರೆ ನಮ್ಮ ವಾದವನ್ನು ಮೊದಲೇ ಕೋರ್ಟಿಗೆ ಬರೆದುಕೊಡುವ ಪತ್ರ. ನಮ್ಮ ಕೇವಿಯಟ್ 90 ದಿನ ನಡೆದರೆ ಅದು ಆರು ತಿಂಗಳು ನಡೆಯುತ್ತದೆ. ಶುಲ್ಕ ಕೋರ್ಟು ಶುರುವಾದಾಗ 200 ಯೂರೋ ಇತ್ತು. ಸ್ಟಾಲಿನ ಕಾರ್ಪೆಟ್ಟಿಗೆ ಅದಕ್ಕಿಂತ ಹೆಚ್ಚು ಸುರಿದಿದ್ದೆ! ಹಾಕಿದರೆ ಗೆದ್ದೇಬಿಟ್ಟೆವು ಅಂತಲ್ಲ. 2023ರ ಜೂನ್‌ನಲ್ಲಿ ಫ್ರಾಂಕ್‌ಫರ್ಟಿನ ಸೈಕಲ್ ಮೇಳಕ್ಕೆ ಬಂದಿದ್ದ ಸ್ವಿಸ್ ಕಂಪನಿಯೊಂದು ಇದನ್ನು ಹಾಕಿತ್ತು; ಆದರೂ ಇದೇ ಕೋರ್ಟಿನ ಡ್ಯೂಸೆಲ್ಡಾರ್ಫ್ ಪೀಠ ಎದುರಾಳಿಯ ಅರ್ಜಿ ಬಂದ ದಿನವೇ, ಜೂನ್ 22ರಂದು, ತಡೆಯಾಜ್ಞೆ ಕೊಟ್ಟಿತು. ಅವರ ವಾದವನ್ನು ನ್ಯಾಯಾಧೀಶರು ಓದಿದ್ದರು, ನಮ್ಮದನ್ನು ಓದಲು ಏನೂ ಇರಲಿಲ್ಲ.

ಊರಿಗೆ ಬಂದು ನಮ್ಮ ವಕೀಲರನ್ನು ಹುಡುಕುವಷ್ಟರಲ್ಲಿ ಆದೇಶ ಮರುಪರಿಶೀಲಿಸಿ ಎಂದು ಕೇಳಲು ಇದ್ದ 30 ದಿನ ಮುಗಿದಿತ್ತು. ಇಲ್ಲಿನ ವಾಯಿದೆಗಳ ಅಭ್ಯಾಸ ನೋಡಿ. ಆಮೇಲೆ ಆ ಎದುರಾಳಿ ಕಂಪನಿಯವರು ದಾವೆ ಹೂಡಿದರು. ಉತ್ತರಕ್ಕೆ ಮೂರು ತಿಂಗಳು, ಅವರ ಪೇಟೆಂಟೇ ಊರ್ಜಿತವಲ್ಲ ಎನ್ನಬೇಕಾದರೂ ಅಷ್ಟರಲ್ಲೇ. ಸೋತವರು ಗೆದ್ದವರ ವಕೀಲರ ಖರ್ಚೂ ಕೊಡಬೇಕು. ಎರಡೂವರೆ ಲಕ್ಷ ಯೂರೋವರೆಗಿನ ದಾವೆಗೇ ಅದು 38,000 ಯೂರೋ ತನಕ ಹೋಗಬಹುದು. ನಾನು ರಾಜಿಗೆ ಸಹಿ ಹಾಕಿದೆ.

ಸ್ಪೇನ್ ಈ ಕೋರ್ಟಿನ 18 ದೇಶಗಳ ಕೂಟದಲ್ಲಿಲ್ಲ. ಟಾರ್ಪಾಲ್ ಹೊದ್ದಿದ್ದ ಆ ಯಂತ್ರವನ್ನು, ಅಲ್ಲಿ ಅವರ ಪೇಟೆಂಟ್ ಇಲ್ಲವೆಂದು ಈ ಸಲ ಹುಡುಕಿಸಿ ನೋಡಿಯೇ, ಬಾರ್ಸಿಲೋನಾದ ಗಿರಾಕಿಗೆ ಕಳಿಸಿದ್ದೇನೆ.