ಇಬಿಟಿ ಕಾರ್ಡಿಗೆ ಬಿಸಿ ಕಾಫಿ ಸಿಗದು

ಅಮೆರಿಕದಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಸ್ನ್ಯಾಪ್ ಆಹಾರ ನೆರವಿನ ಹಣ ತುಂಬಿದ ಇಬಿಟಿ ಕಾರ್ಡನ್ನು ದಿನಸಿ ಮಳಿಗೆಯೊಳಗಿನ ಕಾಫಿ ಅಂಗಡಿಯಲ್ಲಿ ಬಳಸಲು ಹೊರಟವರಿಗೆ ಮೊದಲು ಎದುರಾಗುವುದು ಬಿಸಿಯ ನಿಯಮ: ಮಾರುವ ಹೊತ್ತಿಗೆ ಬಿಸಿಯಾಗಿರುವ ತಿಂಡಿಗಾಗಲಿ ಪಾನೀಯಕ್ಕಾಗಲಿ ಈ ಹಣ ಸಲ್ಲುವುದಿಲ್ಲ. ನಾನು ಹೋದಲ್ಲಿ ಬಾಟಲಿಯ ತಣ್ಣನೆಯ ಕಾಫಿಗೂ ಪೊಟ್ಟಣದ ಕಾಫಿ ಬೀಜಕ್ಕೂ ಕಾರ್ಡ್ ತಕರಾರಿಲ್ಲದೆ ನಡೆಯಿತು, ಮಾರಾಟ ತೆರಿಗೆಯೂ ಬೀಳಲಿಲ್ಲ. ಅದೇ ಬೀಜದಿಂದ ಮಾಡಿಕೊಟ್ಟ ಒಂದು ಲೋಟ ಬಿಸಿ ಕಾಫಿಗೆ ಮಾತ್ರ ಕೈಯಿಂದ ಹಣ ತೆರಬೇಕಾಯಿತು, ಇದು ನನಗೆ ತರ್ಕಕ್ಕಿಂತ ಹಟವೆಂದೇ ತೋರಿತು. ಈ ಕಾರ್ಡಿನಿಂದ ಹೋಟೆಲಿನ ಊಟಕ್ಕೆ ಅವಕಾಶವಿರುವುದು ರೆಸ್ಟೋರೆಂಟ್ ಮೀಲ್ಸ್ ಪ್ರೋಗ್ರಾಂ ಎಂಬ ಯೋಜನೆ ಜಾರಿಯಲ್ಲಿರುವ ರಾಜ್ಯಗಳಲ್ಲಿ, ಅದೂ 60 ವರ್ಷ ತುಂಬಿದವರು, ಅಂಗವಿಕಲರು, ವಸತಿಹೀನರು ಮತ್ತು ಅಂಥವರ ಸಂಗಾತಿಗಳಿಗೆ ಮಾತ್ರ. ಕ್ಯಾಲಿಫೋರ್ನಿಯಾ ಇದನ್ನು 2021ರಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಅಲ್ಲಿಯೂ ಒಪ್ಪಂದ ಮಾಡಿಕೊಂಡ ಹೋಟೆಲುಗಳಲ್ಲಷ್ಟೇ ಕಾರ್ಡ್ ನಡೆಯುವುದರಿಂದ, ಆರ್ಡರ್ ಹೇಳುವ ಮೊದಲೇ ಕೌಂಟರಿನಲ್ಲಿ ವಿಚಾರಿಸಿಕೊಳ್ಳುವುದು ಒಳಿತು.