ಸರ್ವರ್ ರ‍್ಯಾಮ್‌ಗೆ ಯಾವ ಕಾವಲು? ನಾಲ್ಕು ವಿಧಾನಗಳನ್ನು ಹಾಕಿ ನೋಡಿದ ಮೇಲೆ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಆಸುಪಾಸಿನ ಒಂದು ಸಹಕಾರಿ ಸಂಘದ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಅಡಿಕೆ ಬೆಳೆಗಾರರ ಖಾತೆ, ಸಾಲ, ಬಡ್ಡಿ, ಗೊಬ್ಬರದ ದಾಸ್ತಾನು ಎಲ್ಲವೂ ಅದೊಂದರ ಮೇಲೆಯೇ ನಡೆಯುತ್ತದೆ. ಅದರಲ್ಲಿ ಪ್ರೊಸೆಸರ್ ಒಂದು, ಮೆಮೊರಿ ಚಾನೆಲ್ (ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ದಾರಿ) ನಾಲ್ಕು, ಪ್ರತಿ ಚಾನೆಲ್‌ಗೆ 16 ಜಿಬಿಯ ಎರಡೆರಡು ರ‍್ಯಾಮ್ ಸ್ಟಿಕ್. ಒಟ್ಟು 128 ಜಿಬಿ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅವುಗಳ ಪೈಕಿ ಒಂದು ಸ್ಟಿಕ್ ಕೆಡತೊಡಗಿತು. ಕೊನೆಗೆ ಅದನ್ನು ಬದಲಾಯಿಸಿದಾಗ ಎಸೆಯಲು ಮನಸ್ಸಾಗಲಿಲ್ಲ. ಅದೇ ಮಾದರಿಯ ಹಳೆಯ ಸರ್ವರೊಂದು ಬದಿಯಲ್ಲಿತ್ತು. ದತ್ತಾಂಶದ ಪ್ರತಿಯೊಂದನ್ನು ಅದರಲ್ಲಿ ಹಾಕಿ, ಆ ಕೆಟ್ಟ ಸ್ಟಿಕ್ಕನ್ನು ಅಲ್ಲಿ ಸಿಕ್ಕಿಸಿ, ಸರ್ವರಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿರುವ ರ‍್ಯಾಮ್ ದೋಷದಿಂದ ಕಾಪಾಡುವ ನಾಲ್ಕು ವಿಧಾನಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆ.

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿಗೆ ನಾನು ತೋರಿಸುವುದು ಒಂದೇ ಅಕ್ಷರವನ್ನು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ‘ಕ’ ಮೂರು ಬೈಟ್ ಹಿಡಿಯುತ್ತದೆ. ನಡುವಿನ ಬೈಟ್ 10110010. ಅದರಲ್ಲಿ ಒಂದು ಬಿಟ್ ತಿರುಗಿ 10110000 ಆದರೆ ಅದು ತೆಲುಗಿನ ‘ಕ’. ಎರಡು ಬಿಟ್ ತಿರುಗಿ 10110100 ಆದರೆ ಮಲಯಾಳದ ‘ಕ’. ಸದಸ್ಯರ ಹೆಸರು, ಊರಿನ ಹೆಸರು ಕನ್ನಡದಲ್ಲೇ ದಾಖಲಾಗಬೇಕೆಂದು ಹಟ ಹಿಡಿದು ಬರೆಸಿಕೊಂಡು ಬಂದವರು ನಾವು. ಆ ಹೆಸರುಗಳು ಯಾರ ಕಣ್ಣಿಗೂ ಬೀಳದೆ ಯಂತ್ರದೊಳಗೇ ಬದಲಾಗುವುದನ್ನು ನಾನು ಒಪ್ಪಲಾರೆ. 64 ಬಿಟ್ ದತ್ತಾಂಶಕ್ಕೆ 8 ಬಿಟ್ ಕಾವಲು ಸೇರಿಸುವ ಸಾಮಾನ್ಯ ಇಸಿಸಿ (ದೋಷ ತಿದ್ದುವ ಸಂಕೇತ), ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದುತ್ತದೆ. ಎರಡು ಬಿಟ್‌ನ ತಪ್ಪನ್ನು ಗುರುತಿಸಬಲ್ಲದು, ತಿದ್ದಲಾರದು. ಇಸಿಸಿಯೇ ಇಲ್ಲದ ಮನೆ ಕಂಪ್ಯೂಟರಿನಲ್ಲಿ ಎರಡೂ ಹಾಗೆಯೇ ಡಿಸ್ಕಿಗೆ ಹೋಗಿ ಕೂರುತ್ತವೆ.

ಮೊದಲು ನಮ್ಮಲ್ಲಿದ್ದದ್ದು ಸ್ವತಂತ್ರ ಚಾನೆಲ್ ವಿಧಾನ. 128 ಜಿಬಿಯೂ ಬಳಕೆಗೆ ಸಿಗುತ್ತದೆ, ವೇಗವೂ ಪೂರ್ತಿ. ನಮ್ಮ ಸ್ಟಿಕ್‌ಗಳ ಲೇಬಲ್ ಮೇಲೆ ‘2ಆರ್‌ಎಕ್ಸ್4’ ಎಂದಿದೆ: ಎರಡು ರ‍್ಯಾಂಕ್, ನಾಲ್ಕು ಬಿಟ್ ಅಗಲದ ಚಿಪ್. ರ‍್ಯಾಂಕ್ ಎಂದರೆ ಒಟ್ಟಿಗೆ ದುಡಿಯುವ ಚಿಪ್‌ಗಳ ಒಂದು ಗುಂಪು. ಇಂಥವುಗಳಲ್ಲಿ ಸರ್ವರಿನ ಇಸಿಸಿ ಸಾಮಾನ್ಯ ಇಸಿಸಿಗಿಂತ ಬಲವಾದದ್ದು, ಒಂದು ಚಿಪ್ ಪೂರ್ತಿ ಸತ್ತರೂ ಸರ್ವರ್ ತಿದ್ದಿಕೊಂಡು ಮುಂದುವರಿಯುತ್ತದೆ. ಹಾಗಾಗಿ ತಿದ್ದಿದ ದೋಷಗಳ ಎಣಿಕೆ ಏರುತ್ತಿದ್ದರೂ ಕೆಲಸ ನಿಲ್ಲಲಿಲ್ಲ. ಸ್ಟಿಕ್ಕನ್ನು ಬೇರೆ ಸ್ಲಾಟಿಗೆ ಹಾಕಿದೆ, ದೋಷವೂ ಅದರ ಜೊತೆಗೇ ಹೋಯಿತು. ಅಂಚನ್ನು ರಬ್ಬರಿನಿಂದ ಉಜ್ಜಿ ನೋಡಿದೆ, ಪ್ರಯೋಜನವಾಗಲಿಲ್ಲ. ಮಂಗಳೂರಿನಲ್ಲಿ ವಿಚಾರಿಸಿದ ಅಂಗಡಿಗಳಲ್ಲಿ ಸರ್ವರಿಗೆ ಬೇಕಾದ ರಿಜಿಸ್ಟರ್ಡ್ ಇಸಿಸಿ ಸ್ಟಿಕ್ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಬೇಕಾಯಿತು. ಅದು ದಾರಿಯಲ್ಲಿರುವಾಗಲೇ ಒಂದು ರಾತ್ರಿ ದೋಷ ಒಂದು ಚಿಪ್ಪಿನ ಗಡಿ ದಾಟಿತು, ಸರ್ವರ್ ನಿಂತುಬಿಟ್ಟಿತು. ಬೆಳಿಗ್ಗೆ ಜಡಿಮಳೆಯಲ್ಲಿ ಕೊಡೆ ಹಿಡಿದು ಬಂದವರು ಕೌಂಟರಿನ ಮುಂದೆ ಕಾದರು. ತಪ್ಪು ದತ್ತಾಂಶ ಬರೆಯುವುದಕ್ಕಿಂತ ನಿಲ್ಲುವುದೇ ಸರಿ ಎಂದು ನನಗೆ ಗೊತ್ತು. ಆದರೆ ಕಾದವರಿಗೆ ಅದನ್ನು ಹೇಳಿ ಸಮಾಧಾನಪಡಿಸಲು ನನ್ನಿಂದಾಗಲಿಲ್ಲ.

ಲಾಕ್‌ಸ್ಟೆಪ್ ವಿಧಾನವನ್ನು ಎರಡೇ ದಿನಕ್ಕೆ ಬಿಟ್ಟೆ. ಎರಡು ಚಾನೆಲ್‌ಗಳು ಸೇರಿ ಒಂದರಂತೆ ದುಡಿಯುವುದರಿಂದ ಎಂಟು ಬಿಟ್ ಅಗಲದ ಚಿಪ್ ಸತ್ತರೂ ತಿದ್ದಬಹುದು. ಆದರೆ ನಾಲ್ಕು ಬಿಟ್ ಚಿಪ್‌ಗಳಿರುವ ನಮಗೆ ಆ ಲಾಭ ಮೊದಲೇ ಇತ್ತು. ಜಾಗ ಕಡಿಮೆಯಾಗಲಿಲ್ಲ, ಬಡ್ಡಿ ಲೆಕ್ಕ ಮಾತ್ರ ನಿಧಾನವಾಯಿತು. ಎಕ್ಸ್8 ಎಂಬ ಲೇಬಲ್ ಇರುವವರು ಇದನ್ನು ಯೋಚಿಸಬಹುದು.

ರ‍್ಯಾಂಕ್ ಸ್ಪೇರಿಂಗ್ ನನಗೆ ತುಂಬಾ ಹಿಡಿಸಿತು. ಪ್ರತಿ ಚಾನೆಲ್‌ನಲ್ಲಿ 8 ಜಿಬಿಯ ನಾಲ್ಕು ರ‍್ಯಾಂಕ್‌ಗಳಿವೆ. ಒಂದನ್ನು ಖಾಲಿ ಇಟ್ಟರೆ ಬಳಕೆಗೆ 96 ಜಿಬಿ. ತಿದ್ದಿದ ದೋಷಗಳ ಎಣಿಕೆ ಮಿತಿ ದಾಟಿದೊಡನೆ ಆ ರ‍್ಯಾಂಕ್‌ನಲ್ಲಿರುವುದನ್ನೆಲ್ಲ ಸರ್ವರ್ ಖಾಲಿ ರ‍್ಯಾಂಕಿಗೆ ನಕಲು ಮಾಡಿ, ಕೆಟ್ಟದ್ದನ್ನು ಬದಿಗಿಡುತ್ತದೆ. ಕೆಟ್ಟ ಸ್ಟಿಕ್ ಹಾಕಿದ ಮೂರನೆಯ ದಿನ ಇದು ಕಣ್ಣೆದುರಿಗೇ ನಡೆಯಿತು. ಲಾಗ್‌ನಲ್ಲಿ ಒಂದು ಸಾಲು ಬಂತು, ಎಣಿಕೆ ಅಲ್ಲಿಗೇ ನಿಂತಿತು, ಪ್ರೋಗ್ರಾಮ್‌ಗೆ ಏನೂ ತಿಳಿಯಲಿಲ್ಲ. ಆಟಿಯ ಆ ರಾತ್ರಿ ಇದಿದ್ದಿದ್ದರೆ ಸರ್ವರ್ ನಿಲ್ಲುತ್ತಿರಲಿಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಆದರೆ ಇದು ಕಾಪಾಡುವುದು ಮುನ್ಸೂಚನೆ ಕೊಟ್ಟು ಕೆಡುವ ಸ್ಟಿಕ್ಕಿನಿಂದ ಮಾತ್ರ. ಗೂಗಲ್ ಸರ್ವರ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಿದ್ದಲಾಗದ ದೋಷಗಳ ಪೈಕಿ ಶೇ 70ರಿಂದ 80ರಷ್ಟಕ್ಕೆ ಮೊದಲು ಅದೇ ತಿಂಗಳು ಅಥವಾ ಹಿಂದಿನ ತಿಂಗಳು ತಿದ್ದಬಹುದಾದ ದೋಷ ಕಂಡಿತ್ತು. ಉಳಿದವು ಹೇಳದೆ ಕೇಳದೆ ಬಂದವು. ಅವುಗಳೆದುರು ಖಾಲಿ ರ‍್ಯಾಂಕ್ ಏನೂ ಮಾಡಲಾರದು. ಒಂದು ಚಾನೆಲ್‌ನ ಖಾಲಿ ರ‍್ಯಾಂಕ್ ಒಮ್ಮೆ ಬಳಕೆಗೆ ಬಂದರೆ ಅಲ್ಲಿ ಮತ್ತೆ ಬದಲಿಯೂ ಇಲ್ಲ.

ಮಿರರಿಂಗ್‌ನಲ್ಲಿ ಪ್ರತಿಯೊಂದೂ ಎರಡು ಚಾನೆಲ್‌ಗಳಲ್ಲಿ ಬರೆಯಲ್ಪಡುತ್ತದೆ. ಒಂದು ಕಡೆ ತಿದ್ದಲಾಗದ ದೋಷ ಬಂದರೆ ಇನ್ನೊಂದು ಕಡೆಯಿಂದ ಓದುತ್ತದೆ. ಬಳಕೆಗೆ ಸಿಗುವುದು 64 ಜಿಬಿ. ಪರೀಕ್ಷೆಯ ಎರಡನೆಯ ವಾರದಲ್ಲಿ ಆ ಕೆಟ್ಟ ಸ್ಟಿಕ್ ಅಂಥದೇ ದೋಷ ಕೊಟ್ಟಿತು. ಪ್ರತಿಕೃತಿ ಹೋಗಿದೆ ಎಂದು ಲಾಗ್ ಹೇಳಿತು, ಡೇಟಾಬೇಸ್ ಮಾತ್ರ ಓಡುತ್ತಲೇ ಇತ್ತು.

ಸಂಘದ ಕಾರ್ಯದರ್ಶಿಗಳು ಕೇಳಿದರು: “ಅರ್ಧ ರ‍್ಯಾಮ್ ಸುಮ್ಮನೆ ಕೂರಿಸುವುದಕ್ಕೆ ನಾವು ದುಡ್ಡು ಕೊಟ್ಟದ್ದೇ?”

“ಸುಮ್ಮನೆ ಕೂತಿಲ್ಲ ಸಾರ್, ಇನ್ನರ್ಧ ಬರೆದದ್ದನ್ನೆಲ್ಲ ಅದೂ ಬರೆಯುತ್ತಿದೆ” ಎಂದೆ. ಆಮೇಲೆ ಇಡೀ ವರ್ಷದ ಬಳಕೆಯ ನಕ್ಷೆ ತೋರಿಸಿದೆ. ಮಾರ್ಚ್ ಕೊನೆಯ ವಾರದಲ್ಲೂ ನಮ್ಮ ಬಳಕೆ 50 ಜಿಬಿ ದಾಟಿರಲಿಲ್ಲ. ಅವರು ಮತ್ತೆ ಪ್ರಶ್ನೆ ಎತ್ತಲಿಲ್ಲ.

ಹಾಗಾಗಿ ಡೇಟಾಬೇಸ್ ಇರುವ ಸರ್ವರಿಗೆ ಮಿರರಿಂಗ್ ಹಾಕಿದ್ದೇನೆ, ಹಳೆಯ ದಾಖಲೆಗಳ ಸ್ಕ್ಯಾನ್ ಪ್ರತಿಗಳಿರುವ ಇನ್ನೊಂದಕ್ಕೆ ಸ್ಪೇರಿಂಗ್. ಬಳಕೆ 64 ಜಿಬಿಗೆ ಹತ್ತಿರವಿರುವವರು ಮಿರರಿಂಗ್‌ಗೆ ಕೈ ಹಾಕಬಾರದು. ಮೆಮೊರಿ ಸಾಲದೆ ಡಿಸ್ಕಿಗೆ ಬರೆಯತೊಡಗಿದರೆ ಪ್ರತಿದಿನವೂ ಕೌಂಟರಿನಲ್ಲಿ ಕಾಯುವವರು ಇರುತ್ತಾರೆ. ಮಿರರಿಂಗ್ ಎಲ್ಲದಕ್ಕೂ ಮದ್ದಲ್ಲ: ಪ್ರೋಗ್ರಾಮ್ ತಪ್ಪು ಮೊತ್ತ ಬರೆದರೆ ಎರಡೂ ಕಡೆ ತಪ್ಪೇ ಇರುತ್ತದೆ. ಕರೆಂಟು ಹೋದರೆ ಎರಡೂ ಕಡೆ ಏನೂ ಉಳಿಯುವುದಿಲ್ಲ. ಯುಪಿಎಸ್ ಮತ್ತು ರಾತ್ರಿಯ ಬ್ಯಾಕಪ್ ಹಿಂದಿನಂತೆಯೇ ನಡೆಯುತ್ತಿವೆ.

ಮಿರರಿಂಗ್ ಹಾಕುವವರು ಒಂದು ಕೆಲಸ ಅದೇ ದಿನ ಮಾಡಬೇಕು. ಒಂದು ಕಡೆ ಕೆಟ್ಟದ್ದು ಹೊರಗೆ ಕಾಣಿಸುವುದೇ ಇಲ್ಲ. ತಿಂಗಳುಗಟ್ಟಲೆ ಒಂದೇ ಪ್ರತಿಯ ಮೇಲೆ ಓಡುತ್ತಿರಬಹುದು. ಲಿನಕ್ಸ್‌ನ ಎಡಾಕ್ ಎಂಬ ಭಾಗ ಇಡುವ ಮೆಮೊರಿ ದೋಷದ ಎಣಿಕೆಯನ್ನೂ ಸರ್ವರಿನ ನಿರ್ವಹಣಾ ಲಾಗನ್ನೂ ಗಂಟೆಗೊಮ್ಮೆ ಓದುವ ಸಣ್ಣ ಸ್ಕ್ರಿಪ್ಟ್ ಬರೆದು, ಏನಾದರೂ ಹೊಸದು ಬಂದರೆ ನನ್ನ ಮೊಬೈಲಿಗೂ ಕಾರ್ಯದರ್ಶಿಗಳ ಮೊಬೈಲಿಗೂ ಸಂದೇಶ ಬರುವಂತೆ ಮಾಡಿದ್ದೇನೆ. ಅದು ಬಂದ ದಿನ ಹಾಕಲು ಹೊಸ ಸ್ಟಿಕ್ ಒಂದು ಈಗ ಸಂಘದ ತಿಜೋರಿಯಲ್ಲೇ ಇದೆ.